ನೇತ್ರಾಣಿಯ ಹವಳವನ್ನು ಹತ್ತು ವರ್ಷ ಬಿಡದೆ ನೋಡಿ: ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಅರಣ್ಯ ಇಲಾಖೆ ಮತ್ತು ಮೀನುಗಾರಿಕೆ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪ ನಿಮಗೆ ಗೊತ್ತೇ ಇದೆ. ಡೈವಿಂಗ್‌ಗೆ ಬರುವ ಪ್ರವಾಸಿಗರಿಗೂ ಗೊತ್ತು. ಅದರ ಸುತ್ತ ನೀರಿನ ಕೆಳಗೆ ಹವಳ ಇದೆ ಅನ್ನುವುದು ಹೊಸ ಸುದ್ದಿಯೂ ಅಲ್ಲ. ಆದರೆ ಆ ಹವಳ ಐದು ವರ್ಷದ ಹಿಂದೆ ಇದ್ದಷ್ಟೇ ಈಗಲೂ ಇದೆಯಾ ಅಂತ ಯಾರಾದರೂ ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ. ವರ್ಷ ವರ್ಷ ಅದೇ ಜಾಗಕ್ಕೆ ಹೋಗಿ, ಅದೇ ವಿಧಾನದಲ್ಲಿ ಅಳೆದು, ಜನರ ಮುಂದಿಟ್ಟ ಲೆಕ್ಕ ನಮ್ಮ ಕೈಗೆ ಸಿಗುವುದಿಲ್ಲ.

ಸಮೀಕ್ಷೆಗಳೇನೋ ಆಗಿವೆ. ಒಂದು ತಂಡ ಬರುತ್ತದೆ, ಕೆಲವು ದಿನ ನೀರಿಗಿಳಿಯುತ್ತದೆ, ಇಷ್ಟು ಬಗೆಯ ಹವಳ, ಇಷ್ಟು ಬಗೆಯ ಮೀನು ಅಂತ ಪಟ್ಟಿ ಕೊಡುತ್ತದೆ. ಆ ಪಟ್ಟಿ ಬೇಕು, ಅದರ ಹಿಂದಿನ ಶ್ರಮಕ್ಕೆ ನನಗೆ ಗೌರವ ಇದೆ. ಆದರೆ ಏನೇನು ಇದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಇರುವುದು ಉಳಿಯುತ್ತಿದೆಯಾ, ಸಾಯುತ್ತಿದೆಯಾ, ಸಾಯುತ್ತಿದ್ದರೆ ಯಾವುದರಿಂದ ಅನ್ನುವುದನ್ನು ಹೇಳಬೇಕಾದರೆ ಬೇರೆ ರೀತಿಯ ಕೆಲಸ ಬೇಕು. ಅದಕ್ಕಾಗಿ ಒಂದು ನಿಗಾ ಯೋಜನೆ ಶುರು ಮಾಡಿ ಅಂತ ಕೇಳುವುದಕ್ಕೆ ಈ ಪತ್ರ. ದೊಡ್ಡದು ಬೇಡ. ಚಿಕ್ಕದೇ ಇರಲಿ, ಆದರೆ ಹತ್ತು ವರ್ಷ ನಿಲ್ಲದೆ ನಡೆಯುವಂಥದ್ದಿರಲಿ.

ಯಾಕೆ ಇಷ್ಟು ಅವಸರ ಅಂತ ಕೇಳಬಹುದು. ಲಕ್ಷದ್ವೀಪವನ್ನು ನೋಡಿ. ಮಂಗಳೂರಿನ ಹಳೇ ಬಂದರಿನಿಂದ ಇವತ್ತಿಗೂ ಅಲ್ಲಿಗೆ ಸಾಮಾನು ಹೋಗುತ್ತದೆ, ನಮಗೆ ಅಷ್ಟು ಹತ್ತಿರದ ನಂಟು. 1998ರಲ್ಲಿ ಸಮುದ್ರದ ನೀರು ವಿಪರೀತ ಬಿಸಿಯಾದ ನಂತರ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಹವಳವನ್ನು ಮತ್ತೆ ಮತ್ತೆ ಅಳೆಯುತ್ತಾ ಬಂದರು. 1998ರಲ್ಲಿ ಜೀವಂತ ಹವಳ ಸುಮಾರು ಶೇಕಡಾ 37ರಷ್ಟು ನೆಲವನ್ನು ಮುಚ್ಚಿತ್ತು. 2022ರ ಹೊತ್ತಿಗೆ ಅದು ಶೇಕಡಾ 19ರ ಆಸುಪಾಸಿಗೆ ಇಳಿಯಿತು. 24 ವರ್ಷದಲ್ಲಿ ಅರ್ಧ ಹೋಯಿತು. ಒಂದೊಂದು ವರ್ಷದ್ದನ್ನು ಬೇರೆ ಬೇರೆ ನೋಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಬಿಸಿ ಬಂದ ವರ್ಷ ಬೀಳುತ್ತದೆ, ಆಮೇಲೆ ಸ್ವಲ್ಪ ಚಿಗುರುತ್ತದೆ, ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಪ್ರತಿ ಸಲವೂ ಚಿಗುರು ಹಿಂದಿನ ಮಟ್ಟ ಮುಟ್ಟುತ್ತಿಲ್ಲ ಅನ್ನುವುದು ಉದ್ದನೆಯ ಲೆಕ್ಕ ಇಟ್ಟವರಿಗೆ ಮಾತ್ರ ಕಂಡಿತು.

2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಸಂಸ್ಥೆ ನೋವಾ, ಪ್ರಪಂಚದಾದ್ಯಂತ ನೀರಿನ ಬಿಸಿಗೆ ಹವಳ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತಿದೆ, ಇದು ಇಂಥ ನಾಲ್ಕನೇ ಘಟನೆ ಅಂತ ಘೋಷಿಸಿತು. ಆ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳವೂ ಬಿಳಿಚಿತು. ನೇತ್ರಾಣಿಯಲ್ಲಿ ಎಷ್ಟು ಬಿಳಿಚಿತು, ಎಷ್ಟು ಬದುಕಿತು? ಅಳೆದ ಅಂಕಿ ಕೈಯಲ್ಲಿಲ್ಲದೆ ಈ ಪ್ರಶ್ನೆಗೆ ಏನು ಹೇಳಿದರೂ ಅದು ಊಹೆಯೇ.

ಇನ್ನೊಂದು ಕಾರಣ ಹಡಗುಗಳು. 2006ರ ಮೇ ಕೊನೆಯಲ್ಲಿ ಕಾರವಾರದ ಆಯ್ಸ್ಟರ್ ರಾಕ್ ಹತ್ತಿರ ಓಷನ್ ಸೆರಾಯಾ ಹಡಗು ಬಂಡೆಗೆ ತಾಗಿ ಒಡೆದು ಎಣ್ಣೆ ಚೆಲ್ಲಿದ್ದು ಆ ಕಡೆಯವರು ಮರೆತಿಲ್ಲ. 2025ರ ಮೇನಲ್ಲಿ ಕೊಚ್ಚಿ ಕಡೆ ಎಂಎಸ್‌ಸಿ ಎಲ್ಸಾ 3 ಮುಳುಗಿ ಪ್ಲಾಸ್ಟಿಕ್ ಕಾಳು ಕೇರಳದ ದಡಕ್ಕೆಲ್ಲ ಬಂದವು, ಕೇರಳ ಸರ್ಕಾರ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ನಾಳೆ ನಮ್ಮ ಕಡೆ ಹೀಗಾದರೆ ಎದುರಿನ ವಕೀಲರು ಕೇಳುವ ಮೊದಲ ಪ್ರಶ್ನೆ ಇದೇ: ಹಡಗು ಮುಳುಗುವ ಮೊದಲು ಅಲ್ಲಿ ಏನಿತ್ತು? ಅವಘಡ ಆದ ಮೇಲೆ ಮಾಡುವ ಸಮೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಈ ಪ್ರಶ್ನೆಗೆ ಉತ್ತರ ಕೊಡಲಾರದು.

ಬಂದರುಗಳ ವಿಷಯವೂ ಅಷ್ಟೇ. ಅಂಕೋಲಾದ ಕೇಣಿ, ಹೊನ್ನಾವರದ ಕಾಸರಕೋಡು, ಎರಡೂ ಕಡೆ ಬಂದರು ಬೇಡ ಅಂತ ಜನ ಬೀದಿಗಿಳಿದಿದ್ದಾರೆ. ಪರಿಸರ ಪರಿಣಾಮದ ವರದಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ತೆಗೆಯುತ್ತಾರೆ. ಮಳೆಗಾಲದಲ್ಲಿ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ತಂದು ಸುರಿಯುವ ಕೆಸರೇ ನಮ್ಮ ಸಮುದ್ರದ ತಳದ ಬದುಕನ್ನು ನಿರ್ಧರಿಸುವಾಗ, ಆ ನಾಲ್ಕು ತಿಂಗಳನ್ನು ಬಿಟ್ಟ ಲೆಕ್ಕದಿಂದ ಯಾರಿಗೂ ಸಮಾಧಾನ ಆಗುವುದಿಲ್ಲ. ಯೋಜನೆ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ನಂಬಿಕೆಯಿರುವ ಅಂಕಿ ಇರಬೇಕು, ಅಲ್ವಾ?

ಈಗ ಯೋಜನೆ ಹೇಗಿರಬೇಕು ಅನ್ನುವುದಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಮುಖ್ಯ ಕಾರಣ ಇದೇ.

ಮೊದಲು ಪ್ರಶ್ನೆ ಏನು ಅಂತ ಬರೆದುಕೊಳ್ಳಬೇಕು. ಹೆಚ್ಚಿನ ಯೋಜನೆಗಳು ಸೋಲುವುದು ಇಲ್ಲೇ. ಹವಳ, ಮೀನು, ನೀರಿನ ಗುಣ, ಪ್ಲಾಸ್ಟಿಕ್, ಆಮೆ, ಡಾಲ್ಫಿನ್, ಎಲ್ಲವನ್ನೂ ಅಳೆಯುತ್ತೇವೆ ಅಂತ ಹೊರಟರೆ ಎರಡನೇ ವರ್ಷ ದುಡ್ಡು ಮುಗಿಯುತ್ತದೆ, ಮೂರನೇ ವರ್ಷ ಜನ ಹೋಗುತ್ತಾರೆ. ನೇತ್ರಾಣಿಗೆ ನನ್ನ ಪ್ರಕಾರ ಎರಡು ಪ್ರಶ್ನೆ ಸಾಕು. ಜೀವಂತ ಹವಳ ಹೆಚ್ಚುತ್ತಿದೆಯಾ ಕಡಿಮೆಯಾಗುತ್ತಿದೆಯಾ, ಅದಕ್ಕೆ ಕಾರಣ ಬಿಸಿಯೋ, ಕೆಸರೋ, ಬೋಟಿನ ಲಂಗರೋ? ಬಂಡೆಯನ್ನೇ ನಂಬಿ ಬದುಕುವ ಮುರು ಮೀನಿನಂಥವು ಎಷ್ಟಿವೆ, ಎಷ್ಟು ದೊಡ್ಡವಿವೆ? ಉಳಿದದ್ದೆಲ್ಲ ಆಮೇಲೆ ಸೇರಿಸಬಹುದು.

ಎರಡನೆಯದು ನಕ್ಷೆ. ಬಂಡೆ ಎಲ್ಲಿದೆ, ಮರಳು ಎಲ್ಲಿದೆ, ಎಷ್ಟು ಆಳದಲ್ಲಿದೆ ಅನ್ನುವುದು ಗೊತ್ತಿಲ್ಲದೆ ಎಲ್ಲಿ ಅಳೆಯಬೇಕು ಅಂತ ಹೇಗೆ ಹೇಳುವುದು? ತಳದ ನಕ್ಷೆ ತೆಗೆಯುವ ಸೋನಾರ್ ಯಂತ್ರಗಳು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಂಥ ಕಡೆ ಇವೆ, ಅವರನ್ನು ಕೇಳಬೇಕು. ಆದರೆ ಅದಕ್ಕೂ ಮೊದಲು ಕೇಳಬೇಕಾದವರು ಭಟ್ಕಳ, ತೆಂಗಿನಗುಂಡಿ, ಮುರುಡೇಶ್ವರ, ಹೊನ್ನಾವರದ ಬೋಟಿನವರು. ಬಲೆ ಎಲ್ಲಿ ಕಲ್ಲಿಗೆ ಸಿಕ್ಕಿ ಹರಿಯುತ್ತದೆ ಅಂತ ಟ್ರಾಲ್ ಬೋಟಿನವರಿಗೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟವಾಗಿ ಗೊತ್ತು. ಅವರ ಜಿಪಿಎಸ್‌ನಲ್ಲಿ ಒಂದೊಂದು ಕಲ್ಲೂ ಗುರುತಾಗಿರುತ್ತದೆ. ಗಾಳ ಹಾಕುವವರಿಗೆ ಅದೇ ಕಲ್ಲು ಮೀನಿನ ಮನೆ. ದ್ವೀಪದಿಂದ ದೂರದಲ್ಲಿ, ಯಾವ ಡೈವರೂ ನೋಡದ ಬಂಡೆಗಳ ಗುಂಪು ಇದ್ದರೆ ಅದನ್ನು ನಮಗೆ ತೋರಿಸಬಲ್ಲವರು ಇವರೇ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಆ ಗುರುತುಗಳು ಅವರ ಆಸ್ತಿ. ಅಪ್ಪ ಮಗನಿಗೆ ಹೇಳಿಕೊಟ್ಟಂಥವು, ಪಕ್ಕದ ಬೋಟಿಗೂ ಹೇಳದಂಥವು. ಅದನ್ನು ಇಸಿದುಕೊಂಡು ವರದಿಯಲ್ಲಿ ಅಚ್ಚು ಹಾಕಿಬಿಟ್ಟರೆ ಮರುವಾರ ಬೇರೆ ಕಡೆಯ ದೊಡ್ಡ ಬೋಟುಗಳು ಬಂದು ನಿಲ್ಲುತ್ತವೆ. ಅಥವಾ ಇಲಾಖೆ ಅದೇ ನಕ್ಷೆ ಹಿಡಿದು ಇಲ್ಲಿ ಮೀನು ಹಿಡಿಯಬೇಡಿ ಅನ್ನುತ್ತದೆ ಅಂತ ಅವರಿಗೆ ಭಯ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಹಾಗಾಗಿ ನಿಖರ ಜಾಗ ಹೊರಗೆ ಹೋಗುವುದಿಲ್ಲ, ಈ ಮಾಹಿತಿಯ ಮೇಲೆ ಅವರನ್ನು ಕೇಳದೆ ನಿರ್ಬಂಧ ಹೇರುವುದಿಲ್ಲ ಅಂತ ಮೀನುಗಾರರ ಸಂಘಗಳ ಜೊತೆ ಕಾಗದದ ಮೇಲೆ ಒಪ್ಪಂದ ಆಗಬೇಕು. ಆಮೇಲೆ ಆ ಮಾತು ಉಳಿಸಿಕೊಳ್ಳಬೇಕು.

ನಕ್ಷೆ ಸಿಕ್ಕ ಮೇಲೆ ಅಳೆಯುವ ಜಾಗ ಆರಿಸುವುದು. ಡೈವಿಂಗ್ ಬೋಟುಗಳು ನಿಲ್ಲುವುದು ಅಲೆ ಕಡಿಮೆ ಇರುವ, ನೀರು ತಿಳಿಯಾಗಿರುವ, ನೋಡಲು ಚಂದ ಇರುವ ಜಾಗದಲ್ಲಿ. ಹೋಗಲು ಸುಲಭ ಅಂತ ಅಲ್ಲೇ ಅಳೆದರೆ ಚಂದದ ಜಾಗದ ಲೆಕ್ಕ ಮಾತ್ರ ಸಿಗುತ್ತದೆ. ಮಳೆಗಾಲದ ಅಲೆ ನೇರ ಬಂದು ಹೊಡೆಯುವ ಪಡುವಣ ಮಗ್ಗುಲು ಬೇಕು, ದಡದ ಕಡೆಯ ಮಗ್ಗುಲೂ ಬೇಕು. 5 ಮೀಟರ್ ಆಳದಲ್ಲೂ ಬೇಕು, 15 ಮೀಟರ್ ಆಳದಲ್ಲೂ ಬೇಕು. ದಿನಾ ಪ್ರವಾಸಿಗರು ಇಳಿಯುವ ಜಾಗದ ಜೊತೆ ಯಾರೂ ಇಳಿಯದ ಜಾಗವನ್ನೂ ಇಡಬೇಕು. ಇಲ್ಲದಿದ್ದರೆ ಹವಳ ಮುರಿದದ್ದು ಪ್ರವಾಸಿಗರಿಂದಲೋ ಅಲೆಯಿಂದಲೋ ಅಂತ ಯಾವತ್ತೂ ಹೇಳಲಾಗದು.

ನೇತ್ರಾಣಿ ಒಂದನ್ನೇ ನೋಡಿದರೂ ಸಾಲದು. ಅಲ್ಲಿ ಹವಳ ಕಡಿಮೆಯಾದರೆ ಅದು ನೇತ್ರಾಣಿಯ ಕಷ್ಟವೋ ಇಡೀ ಕರಾವಳಿಯ ಕಷ್ಟವೋ? ಹೋಲಿಸಲು ಕಾರವಾರದ ದೇವಗಡ, ಹೊನ್ನಾವರದ ಬಸವರಾಜ ದುರ್ಗ, ಮಲ್ಪೆಯ ಸೇಂಟ್ ಮೇರೀಸ್ ಕಡೆಯ ಬಂಡೆಗಳಲ್ಲಿ ಅಳೆಯುವ ಒಂದೆರಡು ಬಿಂದುಗಳಾದರೂ ಇರಲಿ. ಗೋವಾದ ಗ್ರಾಂಡೆ ದ್ವೀಪ, ಮಹಾರಾಷ್ಟ್ರದ ಮಾಲ್ವಣದಲ್ಲೂ ಇದೇ ಥರ ಕೆಸರು ನೀರಿನಲ್ಲಿ ಬದುಕುವ ಹವಳ ಇದೆ. ಮೂರೂ ರಾಜ್ಯದವರು ಒಂದೇ ವಿಧಾನ ಒಪ್ಪಿಕೊಂಡರೆ ಎಲ್ಲರಿಗೂ ಲಾಭ.

ಎಷ್ಟು ಬಿಂದು ಬೇಕು ಅನ್ನುವುದನ್ನು ಮೇಜಿನ ಮುಂದೆ ಕೂತು ಹೇಳಬಾರದು. ಉದಾಹರಣೆಗೆ ಒಂದು ಬಂಡೆಯ ಮೇಲೆ ಶೇಕಡಾ 40 ಹವಳ, ಹತ್ತು ಮೀಟರ್ ಆಚೆ ಶೇಕಡಾ 3 ಇದೆ ಅಂದುಕೊಳ್ಳಿ. ಇಷ್ಟು ಏರುಪೇರು ಇರುವ ಕಡೆ ನಾಲ್ಕೇ ಬಿಂದು ಇಟ್ಟರೆ ನಿಜವಾಗಿ ಕಾಲು ಭಾಗ ಹವಳ ಸತ್ತರೂ ಲೆಕ್ಕದಲ್ಲಿ ಕಾಣುವುದಿಲ್ಲ. ಹಾಗಾಗಿ ಮೊದಲ ವರ್ಷವನ್ನು ಕಲಿಯುವ ವರ್ಷ ಅಂತಲೇ ಇಡಿ. ಜಾಸ್ತಿ ಜಾಗದಲ್ಲಿ ಅಳೆದು, ಏರುಪೇರು ಎಷ್ಟಿದೆ ನೋಡಿ, ಐದು ವರ್ಷದಲ್ಲಿ ಎಷ್ಟು ಇಳಿಕೆ ಆದರೆ ನಮಗೆ ಗೊತ್ತಾಗಲೇಬೇಕು ಅಂತ ತೀರ್ಮಾನಿಸಿ, ಅದರ ಮೇಲೆ ಸಂಖ್ಯೆ ನಿಗದಿ ಮಾಡಲಿ. ಸಂಖ್ಯಾಶಾಸ್ತ್ರ ಬಲ್ಲ ಒಬ್ಬರು ಮೊದಲ ದಿನದಿಂದ ತಂಡದಲ್ಲಿರಬೇಕು. ಐದು ವರ್ಷ ಆದ ಮೇಲೆ ಅವರ ಮುಂದೆ ಅಂಕಿಗಳ ಮೂಟೆ ಇಟ್ಟರೆ ಅವರೂ ಏನೂ ಮಾಡಲಾರರು.

ನೀರಿನ ಕೆಳಗೆ ಈ ಕೆಲಸ ಹೇಗೆ ನಡೆಯುತ್ತದೆ ಅಂತ ಕಚೇರಿಯಲ್ಲಿರುವ ನಿಮಗೆ ಸ್ವಲ್ಪ ಹೇಳಬೇಕು. ಸತ್ತ ಬಂಡೆಗೆ ಕಬ್ಬಿಣದ ಗೂಟ ಹೊಡೆದು ನಂಬರ್ ಪಟ್ಟಿ ಕಟ್ಟುತ್ತಾರೆ. ಒಂದು ಗೂಟದಿಂದ ಇನ್ನೊಂದಕ್ಕೆ ಅಳತೆ ಟೇಪು ಎಳೆಯುತ್ತಾರೆ. ಪಿವಿಸಿ ಪೈಪಿನಿಂದ ಮಾಡಿದ ಅರ್ಧ ಮೀಟರ್ ಚೌಕವನ್ನು ಟೇಪಿನ ಪಕ್ಕ ಗೊತ್ತಾದ ದೂರಕ್ಕೊಂದರಂತೆ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆಯುತ್ತಾರೆ. ಸೆಳೆತ ಇದ್ದರೆ ಚೌಕ ನಿಲ್ಲುವುದಿಲ್ಲ. ಕಾಲಿನ ಫಿನ್ ತಳಕ್ಕೆ ತಾಗಿದರೆ ಕೆಸರು ಎದ್ದು ಐದು ನಿಮಿಷ ಏನೂ ಕಾಣುವುದಿಲ್ಲ, ಸಿಲಿಂಡರಿನ ಗಾಳಿ ಮಾತ್ರ ಖರ್ಚಾಗುತ್ತಾ ಇರುತ್ತದೆ. ದಡಕ್ಕೆ ಬಂದ ಮೇಲೆ ಪ್ರತಿ ಫೋಟೋದ ಮೇಲೆ ಕಂಪ್ಯೂಟರ್ ಚುಕ್ಕಿಗಳನ್ನು ಹಾಕುತ್ತದೆ, ಒಂದೊಂದು ಚುಕ್ಕಿಯ ಕೆಳಗೆ ಏನಿದೆ ಅಂತ ಗುರುತಿಸಬೇಕು: ಜೀವಂತ ಹವಳ, ಬಿಳಿಚಿದ ಹವಳ, ಪಾಚಿ, ಸ್ಪಂಜು, ಮರಳು, ಬರಿ ಕಲ್ಲು. ಮುಂದಿನ ವರ್ಷ ಅದೇ ಗೂಟ, ಅದೇ ಚೌಕ. ಅಲ್ಲಿರುವ ಪೊರೈಟಿಸ್ ಅನ್ನುವ ದುಂಡು ಹವಳದ ಒಂದು ಗುಡ್ಡೆಯ ಅಂಚು ಒಂದು ಬೆರಳಿನಷ್ಟು ಸತ್ತು ಹಿಂದೆ ಸರಿದಿದ್ದರೂ ಎರಡು ಫೋಟೋ ಪಕ್ಕ ಪಕ್ಕ ಇಟ್ಟಾಗ ಗೊತ್ತಾಗುತ್ತದೆ. ಈ ದುಂಡು ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಮೀಟರ್ ಎತ್ತರದ ಗುಡ್ಡೆ ಅಂದರೆ ಹೆಚ್ಚು ಕಡಿಮೆ ನೂರು ವರ್ಷ. ಅದರ ಮೇಲೆ ಬೀಳುವ ಒಂದು ಲಂಗರು ಏನು ಹಾಳು ಮಾಡುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ.

ಗೂಟದ ಜಾಗ ಮಾತ್ರ ನೋಡುತ್ತಾ ಹೋದರೂ ತೊಂದರೆ ಇದೆ. ಹತ್ತು ವರ್ಷದಲ್ಲಿ ಆ ಜಾಗಗಳಷ್ಟೇ ಹಾಳಾಗಬಹುದು, ಅಥವಾ ಅವಷ್ಟೇ ಚೆನ್ನಾಗಿ ಉಳಿಯಬಹುದು. ಅದಕ್ಕೇ ಪ್ರತಿ ವರ್ಷ ನಕ್ಷೆಯಿಂದ ಚೀಟಿ ಎತ್ತಿದಂತೆ ಕೆಲವು ಹೊಸ ಜಾಗಗಳನ್ನೂ ಆರಿಸಿ ನೋಡಬೇಕು.

ಯಾವಾಗ ಹೋಗಬೇಕು ಅನ್ನುವುದು ಜಾಗದಷ್ಟೇ ಮುಖ್ಯ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಬಣ್ಣವೂ ಅದರಿಂದ, ಊಟದ ಬಹುಪಾಲೂ ಅದರಿಂದ. ಆ ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ 1 ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನಮ್ಮಲ್ಲಿ ಇದು ಆಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಜೂನ್‌ನಲ್ಲಿ ಮಳೆಗಾಲ ಶುರುವಾದರೆ ಅಕ್ಟೋಬರ್‌ವರೆಗೆ ನೀರಿಗಿಳಿಯಲಾಗದು. ಆಮೇಲೆ ಹೋದರೆ ಪಾಚಿ ಮುಚ್ಚಿದ ಸತ್ತ ಹವಳ ಕಾಣುತ್ತದೆ, ಆದರೆ ಸತ್ತದ್ದು ಮೇ ತಿಂಗಳ ಬಿಸಿಗೋ, ಜುಲೈನ ಕೆಸರಿಗೋ ಗೊತ್ತಾಗದು. ಆದ್ದರಿಂದ ವರ್ಷಕ್ಕೆ ಎರಡು ಸಲ ಹೋಗಲೇಬೇಕು: ನೀರು ತಿಳಿಯಾಗುವ ಡಿಸೆಂಬರ್‌ನಲ್ಲಿ ಒಮ್ಮೆ, ಮಳೆ ಬರುವ ಮುಂಚೆ ಮೇನಲ್ಲಿ ಒಮ್ಮೆ. ದುಡ್ಡು ಬಿಡುಗಡೆ ಆಗಿಲ್ಲ ಅಂತ ಮೇ ತಿಂಗಳ ಭೇಟಿ ತಪ್ಪಿದರೆ ಆ ವರ್ಷದ ಮುಖ್ಯ ಮಾಹಿತಿಯೇ ಹೋದಂತೆ.

ನಾವು ಇಳಿಯಲಾಗದ ತಿಂಗಳುಗಳಲ್ಲಿ ನಮ್ಮ ಬದಲು ಕೆಲಸ ಮಾಡಲು ಚಿಕ್ಕ ತಾಪಮಾನ ದಾಖಲಕಗಳಿವೆ. ಬಂಡೆಗೆ ಕಟ್ಟಿ ಬಂದರೆ ಅರ್ಧ ಗಂಟೆಗೊಮ್ಮೆ ಬಿಸಿ ಬರೆದುಕೊಳ್ಳುತ್ತಾ ಇರುತ್ತವೆ. ಉಪಗ್ರಹದಿಂದ ಬಿಸಿ ಗೊತ್ತಾಗುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ನೋವಾದ ಹವಳ ಎಚ್ಚರಿಕೆ ವ್ಯವಸ್ಥೆ ಉಪಯುಕ್ತವೇ, ಆದರೆ ಅದು ನೋಡುವುದು ನೀರಿನ ಮೇಲ್ಮೈಯನ್ನು, ಅದೂ 5 ಕಿಲೋಮೀಟರಿನ ಒಂದೊಂದು ಚೌಕವಾಗಿ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಆಳದ ತಣ್ಣೀರು ದಡದ ಕಡೆಗೆ ಮೇಲೇರಿ ಬರುತ್ತದೆ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ಮೇಲೆ ಬೆಚ್ಚಗಿರುವಾಗ 15 ಮೀಟರ್ ಕೆಳಗೆ ಹವಳ ಚಳಿಯಲ್ಲೂ ಉಸಿರಾಟದ ಕಷ್ಟದಲ್ಲೂ ಇರಬಹುದು. ಅದನ್ನು ಕೆಳಗಿಟ್ಟ ಯಂತ್ರ ಮಾತ್ರ ಹೇಳುತ್ತದೆ. ಗೋವಾದ ಕ್ಯಾಂಡೋಲಿಂ ಎದುರಿನ ಒಂದು ಬಿಂದುವಿಗೆ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1990ರ ದಶಕದ ಕೊನೆಯಿಂದ ಮತ್ತೆ ಮತ್ತೆ ಹೋಗಿ ನೀರು ಪರೀಕ್ಷಿಸಿದ್ದಾರೆ. ನಮ್ಮ ಕರಾವಳಿಯ ಈ ಆಮ್ಲಜನಕದ ಏರಿಳಿತದ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಆ ಒಂದೇ ಜಾಗದಿಂದ ಬಂದದ್ದು.

ಅಳೆಯುವವರು ಯಾರು? ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಕಾರವಾರ, ಮಂಗಳೂರಿನಲ್ಲಿವೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ. ಇವರು ಮುಂದೆ ನಿಲ್ಲಲಿ. ಆದರೆ ಹತ್ತು ವರ್ಷ ಊರಲ್ಲೇ ಇರುವವರು ಮುರುಡೇಶ್ವರದ ಡೈವಿಂಗ್ ಗೈಡುಗಳು, ಮೀನುಗಾರರ ಮನೆಯ ಹುಡುಗ ಹುಡುಗಿಯರು. ಅವರಿಗೆ ತರಬೇತಿ ಕೊಡಿ, ಸರಿಯಾದ ಸಂಬಳ ಕೊಡಿ. ಬರೀ ಬೋಟು ನಡೆಸಲು, ಸಿಲಿಂಡರ್ ಹೊರಲು ಕರೆದರೆ ಯಾರೂ ಎರಡನೇ ವರ್ಷ ಉಳಿಯುವುದಿಲ್ಲ. ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ವ್ಯತ್ಯಾಸ ಇರುತ್ತದೆ, ಮೀನು ಎಣಿಸುವಾಗಲಂತೂ ಜಾಸ್ತಿ. ಪ್ರತಿ ವರ್ಷ ಕೆಲಸ ಶುರುವಾಗುವ ಮುಂಚೆ ಎಲ್ಲರೂ ಒಂದೇ ಗೆರೆಯ ಮೇಲೆ ಎಣಿಸಿ, ಅಂಕಿ ಹೋಲಿಸಿ ನೋಡಬೇಕು. ಇಲ್ಲದಿದ್ದರೆ ಜನ ಬದಲಾದದ್ದೇ ಮೀನು ಕಡಿಮೆಯಾದಂತೆ ಕಾಣುತ್ತದೆ.

ಹವಳದ ಜಾತಿಯ ಹೆಸರು ಗುರುತಿಸುವುದು ಕಷ್ಟದ ಕೆಲಸ. ಇಷ್ಟು ಕಡಿಮೆ ಅಧ್ಯಯನ ಆದ ಜಾಗದಲ್ಲಿ ಈಗ ತಪ್ಪು ಹೆಸರು ಬರೆಯುವ ಸಾಧ್ಯತೆ ಜಾಸ್ತಿ. ಶುರುವಿನಲ್ಲಿ ಆಕಾರದ ಮೇಲೆ ವಿಂಗಡಿಸಿದರೆ ಸಾಕು: ದುಂಡು, ಕವಲು, ತಟ್ಟೆಯಂಥದ್ದು, ಕಲ್ಲಿಗೆ ಹಾಸಿಕೊಂಡದ್ದು. ಆದರೆ ಮೂಲ ಫೋಟೋಗಳನ್ನು ಒಂದೂ ಅಳಿಸದೆ ಇಡಬೇಕು, ಎರಡು ಬೇರೆ ಬೇರೆ ಊರಿನಲ್ಲಿ. ಹತ್ತು ವರ್ಷದ ನಂತರ ಹೆಚ್ಚು ತಿಳಿದವರು ಅದೇ ಫೋಟೋ ನೋಡಿ ಸರಿಯಾದ ಹೆಸರು ಬರೆಯುತ್ತಾರೆ. ಮೀನುಗಾರರ ಗುರುತು ಬಿಟ್ಟು ಉಳಿದೆಲ್ಲ ಅಂಕಿ ಪ್ರತಿ ವರ್ಷ ಜನರಿಗೆ ಸಿಗಲಿ, ಕನ್ನಡದಲ್ಲೂ ಸಿಗಲಿ.

ಇನ್ನು ನಿಮ್ಮಿಂದ ಮಾತ್ರ ಆಗುವಂಥದ್ದು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅದು ಸರಿಯಾಗಿಯೇ ಇದೆ, ಚೂರು ಮಾದರಿ ತೆಗೆಯಲೂ ಅನುಮತಿ ಬೇಕು. ನೇತ್ರಾಣಿ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗ, ಅವರ ಒಪ್ಪಿಗೆಯೂ ಬೇಕು. ಒಂದೊಂದು ವರ್ಷಕ್ಕೆ ಒಂದೊಂದು ಅರ್ಜಿ, ಒಂದೊಂದು ಕಚೇರಿಗೆ ಒಂದೊಂದು ಕಡತ ಅಂತಾದರೆ ಮೇ ತಿಂಗಳು ಕೈತಪ್ಪುತ್ತದೆ. ಐದು ವರ್ಷಕ್ಕೆ ಒಟ್ಟಿಗೆ ಅನುಮತಿ ಕೊಡಿ, ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯ ಜೊತೆ ಇಲಾಖೆಯೇ ಮಾತಾಡಲಿ. ದುಡ್ಡನ್ನು ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಇಡದೆ ಪ್ರತಿ ವರ್ಷದ ಬಜೆಟ್ಟಿನಲ್ಲಿ ಒಂದು ಸಾಲಾಗಿ ಇಡಿ. ಹೊನ್ನಾವರದ ಅಪ್ಸರಕೊಂಡ-ಮುಗಳಿ ಸಾಗರ ವನ್ಯಜೀವಿ ಧಾಮ ಮಾಡಿದ ರಾಜ್ಯಕ್ಕೆ ಇದು ಮೀರಿದ ಖರ್ಚಲ್ಲ.

ಅಂಕಿ ಕೆಟ್ಟದಾಗಿ ಬಂದರೆ ಏನು ಮಾಡುತ್ತೀರಿ ಅನ್ನುವುದನ್ನೂ ಈಗಲೇ ಬರೆದಿಡಿ. ಬಿಳಿಚಿಕೊಂಡ ತಿಂಗಳಲ್ಲಿ ಆ ಜಾಗಕ್ಕೆ ಡೈವಿಂಗ್ ನಿಲ್ಲಿಸುವುದು, ಮುರಿದ ಹವಳ ಹೆಚ್ಚಿದರೆ ಲಂಗರು ನಿಷೇಧಿಸಿ ಬೋಟು ಕಟ್ಟಲು ತೇಲುಬುರುಡೆ ಹಾಕುವುದು. ತೇಲುಬುರುಡೆಗೆ ಮಾತ್ರ ಯಾವ ಅಂಕಿಗೂ ಕಾಯಬೇಕಿಲ್ಲ, ಈ ವರ್ಷವೇ ಹಾಕಬಹುದು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳ ಮೀನುಗಾರಿಕೆಗೆ ರಜೆ. ಆಗ ಬೋಟಿನವರೆಲ್ಲ ದಡದಲ್ಲಿ ಬಲೆ ಹೆಣೆಯುತ್ತಾ ಇರುತ್ತಾರೆ. ನಕ್ಷೆಯ ಮಾತುಕತೆಗೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಬರುವ ರಜೆಯಲ್ಲಿ ಎರಡೂ ಇಲಾಖೆಯವರು ಒಟ್ಟಿಗೆ ಭಟ್ಕಳ ಮತ್ತು ಹೊನ್ನಾವರಕ್ಕೆ ಬನ್ನಿ, ಸಭೆಯನ್ನು ಬಂದರಿನಲ್ಲೇ ಇಡಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ತಂಡ ಆರಿಸಿ ತರಬೇತಿ ಮುಗಿಸಿದರೆ ಡಿಸೆಂಬರ್‌ನಲ್ಲಿ ಮೊದಲ ಗೂಟ ಹೊಡೆಯಬಹುದು. ಆ ಸಭೆಯ ದಿನಾಂಕ ತಿಳಿಸಿ. ಬರಬೇಕಾದವರನ್ನು ಕರೆತರುವ ಕೆಲಸ ನಾವು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಭಟ್ಕಳ ಕಡಲತೀರದ ಒಬ್ಬ ಜೀವಶಾಸ್ತ್ರ ಶಿಕ್ಷಕಿ